ಒಂದು ಮಾರು ದಾರ

ಹತ್ರದಕ್ಕನ ಮುತ್ತಜ್ಜ ಸರಕು ಸಾಗಿಸುವ ಹಡಗುಗಳಲ್ಲಿ ಆಳ ಅಳೆಯುವವನಾಗಿದ್ದ. ಸೀಸದ ಗುಂಡು ಕಟ್ಟಿದ ದಾರವನ್ನು ನೀರಿಗಿಳಿಸುವುದು, ತಳ ಮುಟ್ಟಿದ ಮೇಲೆ ಎಳೆದುಕೊಳ್ಳುವುದು, ಎರಡೂ ತೋಳು ಚಾಚಿ ಮಾರು ಮಾರಾಗಿ ಅಳೆದು ಗಂಟಲು ಹರಿಯುವಂತೆ ಕೂಗಿ ಹೇಳುವುದು, ಇಷ್ಟೇ ಅವನ ಜೀವಮಾನದ ಕಸುಬು. ಗುಂಡಿನ ತಳಕ್ಕೆ ಮೇಣ ಮೆತ್ತಿರುತ್ತಿದ್ದರು. ಮೇಣಕ್ಕೆ ಅಂಟಿ ಬಂದ ಕೆಸರನ್ನು ಆತ ನಾಲಿಗೆಗೆ ತಾಗಿಸಿ ಹಡಗು ಎಲ್ಲಿದೆಯೆಂದು ಹೇಳುತ್ತಿದ್ದನಂತೆ. ಮೂಗಿನ ತುದಿ ಕಾಣದಷ್ಟು ಮಂಜು ಕವಿದ ಒಂದು ಬೆಳಿಗ್ಗೆ ಕೆಸರು ನೆಕ್ಕಿದವನೇ, "ಹಾಯಿ ಇಳಿಸ್ರಪ್ಪಾ, ಮನೆ ಬಂತು. ಇದರಲ್ಲಿ ನನ್ನ ಹೆಂಡ್ತಿ ಪಾತ್ರೆ ಉಜ್ಜಿದ ಬೂದಿ ರುಚಿ ಇದೆ" ಅಂದನಂತೆ. ನಿಜವೋ ಸುಳ್ಳೋ, ಆ ಕೆಸರನ್ನೇ ಕೇಳಬೇಕು.

ಅವನ ಮಗ ಬಣ್ಣದಜ್ಜ. ದೋಣಿಗಳಿಗೆ ಹೆಸರು ಬರೆಯುತ್ತಿದ್ದವನು ಮೂರು ಕಾಲಿನ ಕ್ಯಾಮೆರಾ ಒಂದನ್ನು ಕೊಂಡು ತಂದು, ಸಮುದ್ರದ ದಂಡೆಯಲ್ಲೇ ಪಟ ತೆಗೆಯುವ ಡೇರೆ ಹಾಕಿದ. ಹಾಕಿದವನು ಸುಮ್ಮನಿದ್ದನೇ? ದೊಡ್ಡ ಬಟ್ಟೆಯ ಮೇಲೆ ಸಮುದ್ರದ ಚಿತ್ರ ಬರೆದು ಪರದೆ ಕಟ್ಟಿದ. ನಿಜವಾದ ಸಮುದ್ರ ಪರದೆಯ ಹಿಂದೆ ಹೊರಳಾಡುತ್ತಿತ್ತು. ಜನ ಬಣ್ಣದ ಸಮುದ್ರದ ಮುಂದೆ ಎದೆಯುಬ್ಬಿಸಿ ನಿಲ್ಲುತ್ತಿದ್ದರು. "ಅಲ್ಲಯ್ಯಾ, ಬೆನ್ನ ಹಿಂದೇನೇ ಅಸಲಿ ಸಮುದ್ರ ಇದೆಯಲ್ಲ" ಎಂದು ಯಾರಾದರೂ ಕೇಳಿದರೆ, "ಇದೆ. ಆದರೆ ಅದು ಒಂದು ಗಳಿಗೆ ಸುಮ್ಮನೆ ನಿಲ್ಲಲ್ಲ. ನನ್ನದು ನಿಲ್ಲುತ್ತೆ" ಅನ್ನುತ್ತಿದ್ದ. ಆ ಕಾಲದ ಕ್ಯಾಮೆರಾಕ್ಕೆ ಅಲುಗಾಡುವುದೆಲ್ಲ ಹೊಗೆಯಾಗಿ ಕಾಣುತ್ತಿತ್ತು. ಹಾಗಾಗಿ ಅಜ್ಜನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಬಣ್ಣದಜ್ಜನ ಮಗ, ಅಂದರೆ ಹತ್ರದಕ್ಕನ ಅಪ್ಪ, ಪರದೆಯ ವಾರಸುದಾರನಾದ. ಒಂದು ಗಾಳಿಯ ದಿನ ಆ ಪರದೆ ಗೂಟ ಕಿತ್ತುಕೊಂಡು ಹಾರಿ ನೀರಿಗೆ ಬಿತ್ತು. ಹಿಡಿಯಲು ಓಡಿದವರನ್ನು ಅವನೇ ತಡೆದ. "ಬಿಡ್ರೋ, ತವರಿಗೆ ಹೋಗ್ತಿದೆ" ಅಂದ. ಅದೇ ವಾರ ಮೂರು ಕಾಲಿನ ಕ್ಯಾಮೆರಾ ಮಾರಿ, ಕುತ್ತಿಗೆಗೆ ನೇತುಹಾಕಿಕೊಳ್ಳುವ ಎರಡು ಕಣ್ಣಿನ ಕ್ಯಾಮೆರಾ ತಂದ. ಮೇಲಿನ ಕಣ್ಣು ನೋಡುವುದಕ್ಕೆ, ಕೆಳಗಿನದು ಪಟಕ್ಕೆ. ಷರಾಯಿ ಮಡಚಿ ಮೊಣಕಾಲುದ್ದ ನೀರಿಗಿಳಿದ. ಅಂದಿನಿಂದ ಮನೆಯಲ್ಲಿ ಒಂದು ನಿಯಮವಾಯಿತು: ದೂರದಿಂದ ತೆಗೆದ ಪಟ ಕದ್ದ ಪಟ. ಅವರ ಮೈಗೆ ಹತ್ತಿದ ಉಪ್ಪು ನಿನ್ನ ಮೈಗೂ ಹತ್ತಿರಬೇಕು.

ಇನ್ನು ಹತ್ರದಕ್ಕನ ಅವ್ವ. ಅವಳು ಊರವರ ಬಟ್ಟೆ ಒಗೆಯುತ್ತಿದ್ದವಳು. ತೊಳೆದ ಪಟಗಳನ್ನು ಲಕೋಟೆಯಲ್ಲಿ ತುಂಬಿ ಯಾರದು ಯಾರಿಗೆಂದು ಗಂಡ ಒದ್ದಾಡುವುದನ್ನು ನೋಡಿ ಒಂದು ದಿನ ತನ್ನ ಬಟ್ಟೆ ಹಗ್ಗವನ್ನೇ ದಂಡೆಗೆ ತಂದು ಎರಡು ಛತ್ರಿ ಕಂಬಗಳ ನಡುವೆ ಕಟ್ಟಿ, ಪಟಗಳನ್ನು ಚಿಮಟ ಸಿಕ್ಕಿಸಿ ಸಾಲಾಗಿ ನೇತುಹಾಕಿದಳು. "ತಮ್ಮ ಅಂಗಿ ತಮಗೆ ಗುರುತಾಗೋ ಹಾಗೆ ತಮ್ಮ ಮುಖಾನೂ ಗುರುತಾಗುತ್ತೆ. ಬಂದು ತಗೊಂಡು ಹೋಗಲಿ" ಅಂದಳು. ಅದೂ ನಿಯಮವಾಯಿತು. ಈ ಭಾನುವಾರ ತೆಗೆದ ಪಟ ಬರುವ ಭಾನುವಾರ ಹಗ್ಗದ ಮೇಲೆ. ಇಷ್ಟವಾದರೆ ಬಿಚ್ಚಿಕೊಂಡು, ಕೈಲಾದಷ್ಟು ಡಬ್ಬಿಗೆ ಹಾಕಿ ಹೋಗಬಹುದು. ಇಷ್ಟವಾಗದಿದ್ದರೆ ಪಟವನ್ನು ಹಿಂದುಮುಂದಾಗಿ ತಿರುಗಿಸಿಟ್ಟರೆ ಸಾಕು, ಬಾಯಿಬಿಟ್ಟು ಹೇಳಬೇಕಿಲ್ಲ. ಬೆನ್ನು ತಿರುಗಿಸಿದ ಪಟದ ನೆಗೆಟಿವನ್ನು ಅಂದೇ ಕತ್ತರಿಸಿ ಹಾಕುತ್ತಾರೆ. ಆ ಮುಖ ಮತ್ತೆಲ್ಲೂ ಕಾಣುವುದಿಲ್ಲ.

ಇಂಥ ನಾಲ್ವರ ಕೊನೆಗೆ ಬಂದವಳು ನಮ್ಮ ಹತ್ರದಕ್ಕ. ಗಿಡ್ಡ ದೇಹ, ಅಗಲ ಪಾದ, ಬಿಸಿಲಿಗೆ ಬೆಂದು ಹುರಿದ ಕಡಲೆಯಂತಾದ ಕೈ. "ಇನ್ನೂ ಸ್ವಲ್ಪ ಹತ್ರ" ಎನ್ನುತ್ತ ಎನ್ನುತ್ತ ಜನರ ಚಾಪೆಯ ಮೇಲೇ ಬಂದು ನಿಲ್ಲುತ್ತಿದ್ದಳಾದ್ದರಿಂದ ಆ ಹೆಸರು. ಅಪ್ಪನ ಆ ಎರಡು ಕಣ್ಣಿನ ಕ್ಯಾಮೆರಾವನ್ನು ಎದೆಗೊತ್ತಿ, ತಲೆ ತಗ್ಗಿಸಿ, ಮೇಲಿನ ಗಾಜಿನೊಳಗೆ ನೋಡಬೇಕು. ಹಾಗಾಗಿ ಅವಳು ಪಟ ತೆಗೆದವರಿಗೆಲ್ಲ ಮೊದಲು ತಲೆಬಾಗಿದ್ದಾಳೆ ಅಂದರೆ ಸುಳ್ಳಲ್ಲ.

ಅವಳು ತೆಗೆದದ್ದು ಏನನ್ನು? ಒದ್ದೆ ಕೂದಲನ್ನು ಹಗ್ಗದಂತೆ ಹಿಂಡುವ ಹೆಂಗಸು. ಬಿಸಿಲಿಗೆ ಸುಲಿದ ಗಂಡನ ಬೆನ್ನಿಗೆ ಎಣ್ಣೆ ಸವರುತ್ತ ಬೈಯುವ ಹೆಂಡತಿ. ತುಟಿಯ ಮೇಲೆ ಮರಳು ಮೆತ್ತಿಕೊಂಡೇ ನಿದ್ದೆ ಹೋದ ಕೂಸು. ಜಗಳವಾಡಿ ಬೆನ್ನಿಗೆ ಬೆನ್ನು ಹಾಕಿ ಕೂತು, ಚಳಿಯಾದ್ದರಿಂದ ಒಂದೇ ಟವೆಲ್ ಹೊದ್ದ ಪ್ರೇಮಿಗಳು. ಇದೆಲ್ಲ ಕಪ್ಪು ಬಿಳುಪಿನಲ್ಲೇ. ಬಣ್ಣದ ರೀಲು ಯಾಕೆ ಹಾಕುವುದಿಲ್ಲವೆಂದರೆ, "ಬಣ್ಣ ಇದ್ರೆ ಜನ ಮೊದಲು ಬಟ್ಟೆ ನೋಡ್ತಾರೆ. ಬಣ್ಣ ತೆಗೆದ್ರೆ ಬೇರೆ ದಾರಿ ಇಲ್ಲ, ಮನುಷ್ಯರನ್ನೇ ನೋಡಬೇಕು" ಅನ್ನುತ್ತಿದ್ದಳು.

ಅವಳ ಗಂಡ ಗಡಿಯಾರ ರಿಪೇರಿಯವನು. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆ, ಒಂದು ಬಚ್ಚಲು. ಆ ಬಚ್ಚಲೇ ಅವರ ಕತ್ತಲ ಕೋಣೆ. ಕಿಟಕಿಗೆ ಕಪ್ಪು ರಟ್ಟು, ತೊಟ್ಟಿಯ ಮೇಲೆ ಹಲಗೆ, ಹಲಗೆಯ ಮೇಲೆ ಮದ್ದಿನ ನೀರಿನ ತಟ್ಟೆಗಳು, ತಲೆಯ ಮೇಲೆ ಕೆಂಪು ಬಲ್ಬು. ಪಟ ತೆಗೆಯುವುದು ಅವಳ ಕೆಲಸ, ತೊಳೆಯುವುದು ಇವನ ಕೆಲಸ. ಒಳಗೆ ಪಟ ತೊಳೆಯುತ್ತಿರುವಷ್ಟು ಹೊತ್ತು ಮನೆಯವರು ಯಾರೂ ಬಚ್ಚಲಿನ ಮಾತೆತ್ತುವಂತಿಲ್ಲ. ಮಗಳನ್ನು ಕೇಳಲು ಬಂದ ಹುಡುಗ ಮೊದಲ ದಿನವೇ ಅಲ್ಲಿ ಸಿಕ್ಕಿಬಿದ್ದ. ಹೊಟ್ಟೆ ತುಂಬ ನಿಂಬೆ ಪಾನಕ ಕುಡಿದು, ಕಾಲಮೇಲೆ ಕಾಲು ಹಾಕಿ, ಆ ಕಾಲು ಈ ಕಾಲು ಬದಲಿಸಿ, ಹಣೆಯಲ್ಲಿ ಬೆವರು ಕಿತ್ತರೂ ತುಟಿ ಪಿಟಕ್ಕೆನ್ನದೆ ಕೂತಿದ್ದ. ಬಾಗಿಲು ತೆರೆದಾಗ ಬಾಣದಂತೆ ಒಳಹೋದ. "ಇಷ್ಟು ತಾಳ್ಮೆ ಇರೋನು ನಮ್ಮ ಹುಡುಗೀನ ತಾಳ್ಕೋತಾನೆ" ಎಂದು ಗಡಿಯಾರದವನು ಅಲ್ಲೇ ಒಪ್ಪಿಗೆ ಕೊಟ್ಟ.

ಮಗಳು ಅವ್ವನ ದಾರಿ ಹಿಡಿಯಲಿಲ್ಲ. ಹಿಡಿದಳು, ಆದರೆ ಇನ್ನೊಂದು ತುದಿಯಿಂದ. ಬಸ್ ನಿಲ್ದಾಣದ ಎದುರು ಅವಳ ಸ್ಟುಡಿಯೋ. ಬಿಳಿ ಗೋಡೆ, ಎರಡು ದೀಪ, ಒಂದು ಸ್ಟೂಲು. ಪಾಸ್‌ಪೋರ್ಟಿಗೆ, ಕೆಲಸದ ಅರ್ಜಿಗೆ ಬೇಕಾದ ಮುಖಗಳು. ಗುಳ್ಳೆ, ಕಲೆ, ಸುಕ್ಕು ಏನಿದ್ದರೂ ಕಂಪ್ಯೂಟರಿನಲ್ಲಿ ಉಜ್ಜಿ ನುಣುಪು ಮಾಡಿ ಕಳಿಸುತ್ತಿದ್ದಳು. ತನ್ನ ಮುಂದಿನ ಒಂದು ಹಲ್ಲು ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿದ್ದರಿಂದ, ಚಿಕ್ಕವಳಿದ್ದಾಗಿನಿಂದ ಬಾಯಿ ಮುಚ್ಚಿಯೇ ನಗುವುದು ಅವಳಿಗೆ ಅಭ್ಯಾಸ.

ಹೀಗೆ ನಡೆಯುತ್ತಿದ್ದ ಸಂಸಾರದಲ್ಲಿ ಪಟಗಳು ಮಂಜಾಗತೊಡಗಿದವು. ಮೊದಲು ಒಂದೆರಡು. ಆಮೇಲೆ ಹಗ್ಗದ ಅರ್ಧ.

"ಯಾಕ್ರೀ ಹೀಗೆ?" ಎಂದು ಹತ್ರದಕ್ಕ ಕೇಳಿದಳು.

"ಪೇಪರ್ ಹಳೇದಿರಬೇಕು ಕಣೆ" ಅಂದ ಗಡಿಯಾರದವನು, ತಟ್ಟೆಯಿಂದ ಕಣ್ಣೆತ್ತದೆ.

ಅವಳು ಸುಮ್ಮನಿರುವ ಪೈಕಿಯೇ? ಪಟದ ಕಾಗದ ಮಾರುವವನ ಅಂಗಡಿಗೆ ಹೋಗಿ ಗಲ್ಲೆಯ ಮುಂದೆ ನಿಂತು ಸೆರಗು ಬಿಗಿದಳು. "ಹಳಸಿದ ಮಾಲು ಮಾರ್ತೀಯಲ್ಲ, ನಾಚಿಕೆ ಆಗಲ್ವಾ ನಿನಗೆ?" ಆತ ಪಾಪ, ಹೊಸ ಪೊಟ್ಟಣ ಒಡೆದು ಕೊಟ್ಟ. ಅದರಲ್ಲೂ ಮಂಜು. ಮತ್ತೆ ಹೋದಳು, ಮತ್ತೆ ಬೈದಳು. ಇವಳು ರಸ್ತೆಯ ತಿರುವಿನಲ್ಲಿ ಕಂಡರೆ ಸಾಕು, ಆತ ಮೇಜಿನ ಕೆಳಗೆ ಏನೋ ಹುಡುಕುವವನಂತೆ ಬಗ್ಗುತ್ತಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುವುದು ಇಂಥದ್ದಕ್ಕೇ.

ಒಂದು ಭಾನುವಾರ ಇಸ್ತ್ರಿಯವಳು ಹಗ್ಗದ ಹತ್ತಿರ ಬಂದಳು. ವಾರವಿಡೀ ಬಿಸಿ ಇಸ್ತ್ರಿಪೆಟ್ಟಿಗೆ ಹಿಡಿದು, ಭಾನುವಾರ ಎಮ್ಮೆಯಂತೆ ನೀರಿನಲ್ಲಿ ಬಿದ್ದುಕೊಳ್ಳುವ ದೊಡ್ಡ ಹೆಂಗಸು. ನಕ್ಕರೆ ಮೂರು ಛತ್ರಿ ಆಚೆಗೂ ಕೇಳಿಸಬೇಕು. ತನ್ನ ಪಟ ಹಿಡಿದು, ದೂರ ಮಾಡಿ, ಹತ್ತಿರ ತಂದು, "ಅಕ್ಕಾ, ಇದು ನಾನೋ, ನನ್ನ ಇಸ್ತ್ರಿಯಿಂದ ಎದ್ದ ಹಬೆಯೋ?" ಅಂದಳು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಹತ್ರದಕ್ಕನೂ ನಕ್ಕಳು. ಆದರೆ ಪಟವನ್ನು ಇಸಿದುಕೊಂಡು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಾಗ ಅವಳ ನಗು ಅರ್ಧಕ್ಕೇ ನಿಂತಿತು. ಇಸ್ತ್ರಿಯವಳ ಮುಖ ಗಂಜಿಯಾಗಿತ್ತು ನಿಜ. ಆದರೆ ಅವಳ ಬೆನ್ನ ಹಿಂದಿನ ಮರಳು ಕಾಳು ಕಾಳಾಗಿ, ಎಣಿಸಬಹುದಾದಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು.

ಮನೆಗೆ ಬಂದವಳೇ ಪಟವನ್ನು ಗಂಡನ ಮುಂದೆ ಇಟ್ಟಳು.

"ರೀ, ಒಂದೇ ಪೇಪರ್ರು. ಮುಖ ಇರೋ ಕಡೆ ಹಳೇದು, ಮರಳಿರೋ ಕಡೆ ಹೊಸದು. ಹೇಗೆ?"

ಗಡಿಯಾರದವನು ಕಣ್ಣಿನ ಮೇಲಿನ ಭೂತಗನ್ನಡಿಯನ್ನು ಹಣೆಗೆ ಸರಿಸಿದ.

"ಗೊತ್ತಿತ್ತು ಅಲ್ವಾ ನಿಮಗೆ?"

"ಗೊತ್ತಿತ್ತು."

"ಮತ್ತೆ ಆ ಕಾಗದದವನನ್ನ ನಾನು ಅಷ್ಟು ಬೈದಿದ್ದು?"

"ಅವನಿಗೆ ನಾನೇ ಹೋಗಿ ಹೇಳಿದೀನಿ. 'ಬೈಯಲಿ ಬಿಡಿ ಸಾರ್, ಕಣ್ಣು ಹೋಯ್ತು ಅಂತ ಅಳೋದಕ್ಕಿಂತ ನನ್ನನ್ನ ಬೈಯೋದು ವಾಸಿ' ಅಂದ. ಒಳ್ಳೆ ಮನುಷ್ಯ."

ಅವಳ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಗಾಜಿನಲ್ಲಿ ಮನುಷ್ಯರು ಕಾಣುತ್ತಿದ್ದರು, ಅವರ ರೂಪು ಕಾಣುತ್ತಿತ್ತು. ಆದರೆ ಯಾವಾಗ ಮುಖ ಚೂಪಾಯಿತು, ಯಾವಾಗ ಹಿಂದಿನ ಮರಳು ಚೂಪಾಯಿತು ಅನ್ನುವ ಆ ಕೂದಲೆಳೆಯ ವ್ಯತ್ಯಾಸ ಕಾಣುತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳು ಎನ್ನುವ ಗಾದೆಯನ್ನು ಅವಳೇ ತನ್ನ ಮೇಲೆ ಹೇಳಿಕೊಂಡು, ಮೊದಲು ಗಂಡನ ಬೆನ್ನಿಗೊಂದು ಗುದ್ದು ಕೊಟ್ಟಳು. ಆಮೇಲೆ ಕಾಗದದವನ ಅಂಗಡಿಗೆ ಹೋದಳು. ಆತ ಮೇಜಿನ ಕೆಳಗೆ ಬಗ್ಗಿದ. ಇವಳೂ ಬಗ್ಗಿ, ಮೇಜಿನ ಕೆಳಗೇ ಅವನ ಕೈ ಹಿಡಿದು, "ತಪ್ಪಾಯ್ತಪ್ಪ, ಮೇಲೆ ಬಾ" ಅಂದಳು.

ಸುದ್ದಿ ಕೇಳಿ ಮಗಳು ಬಂದಳು. ಬಂದವಳು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಅಮ್ಮಾ, ಸಾಕು. ಹೋದ ತಿಂಗಳು ಅಲೆ ಬಂದು ಕೆಡವಿದಾಗ್ಲೇ ಅಂದ್ಕೊಂಡೆ. ಬರೋ ಅಲೆ ಕಾಣದೆ ಇರೋಳಿಗೆ ನೀರಲ್ಲೇನು ಕೆಲಸ? ನನ್ನ ಅಂಗಡೀಗೆ ಬಂದು ಕೂತ್ಕೋ. ಕುರ್ಚಿ ಅಲುಗಾಡಲ್ಲ, ದೀಪ ಅಲುಗಾಡಲ್ಲ, ಜನ ಉಸಿರೂ ಬಿಡಲ್ಲ."

"ಉಸಿರು ಬಿಡದೆ ಇರೋರ ಪಟ ತೆಗೆಯೋಕೆ ನಾನ್ಯಾಕೆ ಬೇಕೇ?"

"ತಮಾಷೆ ಬೇಡ. ನನಗೆ ಭಾನುವಾರ ಬಂತು ಅಂದ್ರೆ ಎದೆ ಹೊಡ್ಕೊಳ್ಳುತ್ತೆ. ಫೋನ್ ಬಂದ್ರೆ ನಿನ್ನ ಸುದ್ದೀನೇ ಅಂತ ಅನ್ನಿಸುತ್ತೆ. ಕಣ್ಣಿಗೆ ಆಪರೇಷನ್ನಾದ್ರೂ ಮಾಡಿಸ್ಕೋ."

"ಮಾಡಿಸ್ಕೋತೀನಿ. ಆದ್ರೆ ಡಾಕ್ಟ್ರು ಪೊರೆ ಇನ್ನೂ ಬಲೀಲಿ ಅಂದಿದಾರೆ. ಅಲ್ಲೀವರೆಗೆ ಏನು, ನಿನ್ನ ಅಂಗಡೀಲಿ ಮೂಲೆಯ ಪೊರಕೆ ಥರ ನಿಂತ್ಕೊಳ್ಳಲಾ?"

ಮಾತಿಗೆ ಮಾತು ಬೆಳೆಯಿತು. ಗಡಿಯಾರದವನು ಇಬ್ಬರ ನಡುವೆ ತಕ್ಕಡಿಯ ಮುಳ್ಳಿನಂತೆ ಅತ್ತ ಇತ್ತ ನೋಡುತ್ತ ಕೂತ. ಕೊನೆಗೆ ಹತ್ರದಕ್ಕ ಕೈಯೆತ್ತಿದಳು.

"ಸರಿ. ಒಂದು ಪಂದ್ಯ. ಈ ಭಾನುವಾರ ಪಟ ತೆಗೀತೀನಿ. ಮುಂದಿನ ಭಾನುವಾರ ಹಗ್ಗಕ್ಕೆ ಹಾಕ್ತೀನಿ. ಸಂಜೆ ಛತ್ರಿ ಮಡಚೋ ಹೊತ್ತಿಗೆ ಒಂದೇ ಒಂದು ಪಟ ಹಗ್ಗದ ಮೇಲೆ ಉಳಿದ್ರೂ ಸರಿ, ಈ ಕ್ಯಾಮೆರಾನ ನಿನ್ನ ಗಾಜಿನ ಕಪಾಟಲ್ಲಿಟ್ಟು, ನಿನ್ನ ಕತ್ತರಿ ಹಿಡ್ಕೊಂಡು ಪಾಸ್‌ಪೋರ್ಟ್ ಪಟ ಕತ್ತರಿಸ್ತಾ ಕೂತ್ಕೋತೀನಿ. ಒಂದೂ ಉಳೀದೆ ಇದ್ರೆ, ನೀನು ಬಾಯಿ ಮುಚ್ಕೋಬೇಕು."

"ಮಾತಿಗೆ ತಪ್ಪಲ್ಲ ತಾನೇ?"

"ಆಳ ಅಳೆದವನ ಮರಿಮಗಳು ಕಣೇ ನಾನು. ಕೂಗಿ ಹೇಳಿದ ಮಾತು ಹೇಳಿದ್ದೇ."

ಹೇಳುವುದೇನೋ ಹೇಳಿಬಿಟ್ಟಳು. ಮಗಳು ಹೋದ ಮೇಲೆ ಚಿಂತೆ ಹತ್ತಿತು. ಕಾಣದ ಕಣ್ಣಿಗೆ ಚೂಪು ಎಲ್ಲಿಂದ ತರುವುದು? ಗೋಡೆಯ ಮೇಲೆ ಮುತ್ತಜ್ಜನ ಆಳದ ದಾರ ಸುರುಳಿ ಸುತ್ತಿ ತೂಗಿತ್ತು. ಧೂಳು ಹೊಡೆಯುವಾಗ ಬಿಟ್ಟರೆ ಅದನ್ನು ಯಾರೂ ಮುಟ್ಟಿದ್ದಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ. ಅವಳು ಅದನ್ನೇ ದಿಟ್ಟಿಸುತ್ತ ಕೂತವಳು ಥಟ್ಟನೆ ಎದ್ದು, ಅದನ್ನಿಳಿಸಿ, ಎರಡೂ ತೋಳು ಚಾಚಿ ಒಂದು ಮಾರು ಅಳೆದಳು.

"ಏನ್ ಮಾಡ್ತಿದೀಯೇ?" ಅಂದ ಗಡಿಯಾರದವನು.

"ನಮ್ಮ ಮುತ್ತಜ್ಜನಿಗೆ ನೀರಿನ ತಳ ಕಾಣ್ತಿತ್ತೇನ್ರೀ?"

"ಇಲ್ಲ."

"ಮತ್ತೆ ಹೇಗೆ ಹೇಳ್ತಿದ್ದ?"

ಗಡಿಯಾರದವನ ಮುಖ ದೀಪ ಹಚ್ಚಿದಂತಾಯಿತು. ಸುಳ್ಳು ಹೇಳಿದ ಪಾಪ ತೊಳೆದುಕೊಳ್ಳುವುದಕ್ಕೆ ಅವನಿಗೂ ಒಂದು ಕೆಲಸ ಬೇಕಾಗಿತ್ತು. ದಾರದಿಂದ ಒಂದು ಮಾರು ಕತ್ತರಿಸಿ, ಒಂದು ತುದಿಯನ್ನು ಕ್ಯಾಮೆರಾದ ಕೊರಳ ಪಟ್ಟಿಯ ಬಳೆಗೆ ಬಿಗಿದರು. ಇನ್ನೊಂದು ತುದಿಗೆ ಒಂದು ಗಂಟು. ಹತ್ರದಕ್ಕ ಗಂಟನ್ನು ಗೋಡೆಗಂಟಿಸಿದ ವೃತ್ತಪತ್ರಿಕೆಯ ಮೇಲೆ ಹಿಡಿದಳು. ದಾರ ಬಿಗಿಯಾಗುವಷ್ಟು ಹಿಂದೆ ಸರಿದು, ಗಡಿಯಾರದವನು ಭೂತಗನ್ನಡಿಯಿಟ್ಟು ಗಾಜಿನೊಳಗೆ ನೋಡುತ್ತ, ಕ್ಯಾಮೆರಾದ ಪಕ್ಕದ ತಿರುಪನ್ನು ಇರುವೆ ನಡೆದಂತೆ ತಿರುಗಿಸಿದ. ಅಕ್ಷರ ಚೂಪಾದ ಜಾಗಕ್ಕೆ ಮಗಳು ಬಿಟ್ಟುಹೋಗಿದ್ದ ಉಗುರು ಬಣ್ಣದಿಂದ ಒಂದು ಚುಕ್ಕೆಯಿಟ್ಟ. ಇನ್ನು ಕಣ್ಣು ನೋಡಬೇಕಾದ್ದು ರೂಪನ್ನು ಮಾತ್ರ. ಚೂಪನ್ನು ದಾರ ನೋಡಿಕೊಳ್ಳುತ್ತದೆ.

ಭಾನುವಾರ ಬಿಸಿಲು ಬೆಣ್ಣೆಯಂತಿತ್ತು. ದಂಡೆಯ ತುಂಬ ಜನ. ಹತ್ರದಕ್ಕ ಮೊದಲು ಹೋದದ್ದು ಇಸ್ತ್ರಿಯವಳ ಹತ್ತಿರ.

"ಈ ಗಂಟನ್ನ ಕಣ್ಣಿನ ಕೆಳಗೆ, ಕೆನ್ನೆ ಮೂಳೆಗೆ ಹಿಡ್ಕೋ. ದಾರ ಬಿಗಿಯಾಗ್ಲಿ. ನಾನು ಬಿಡು ಅಂದಾಗ ಬಿಡು."

"ಏನಕ್ಕಾ, ಗಾಳ ಹಾಕಿ ಹಿಡೀತೀಯಾ ನನ್ನ? ನಾನು ದೊಡ್ಡ ಮೀನು, ದಾರ ಹರಿದೀತು!"

"ತಿಮಿಂಗಿಲಕ್ಕೆ ಗಾಳ ಹಾಕೋ ವಂಶ ನಮ್ದು. ಬಿಡು!"

ಬಿಟ್ಟಳು. ದಾರ ತೂಗಾಡುತ್ತ ಕೆಳಬಿತ್ತು. ಕೆನ್ನೆಗೆ ಕಚಗುಳಿಯಾಗಿ ಇಸ್ತ್ರಿಯವಳು ನಕ್ಕೇ ನಕ್ಕಳು. ಆ ನಗುವಿನ ನೆತ್ತಿಯಲ್ಲೇ ಕ್ಯಾಮೆರಾ ಕ್ಲಿಕ್ಕೆಂದಿತು.

ಆಗ ತಿಳಿಯಿತು ಹತ್ರದಕ್ಕನಿಗೆ, ದಾರದ ಗುಣ ಬರಿ ಅಳತೆಯದಲ್ಲ ಎಂದು. ಇಷ್ಟು ವರ್ಷ ಅವಳು ಹತ್ತಿರ ಹೋದರೆ ಜನ ಒಂದು ಗಳಿಗೆ ಮೈ ಬಿಗಿ ಹಿಡಿಯುತ್ತಿದ್ದರು; ಅದು ಸಡಿಲವಾಗುವವರೆಗೆ ಮಾತಾಡಿಸುತ್ತ ಕಾಯಬೇಕಿತ್ತು. ಈಗ ಅವರ ಕೈಯಲ್ಲೇ ಒಂದು ತುದಿಯಿತ್ತು. ದಾರ ಹಿಡಿದು ಎಳೆದು ನಿಂತಾಗ ಇಬ್ಬರೂ ಸೇರಿ ಒಂದು ಕೆಲಸ ಮಾಡುವವರಂತಾಗುತ್ತಿತ್ತು. ಬಿಟ್ಟ ಕೂಡಲೇ ಮುಖದ ಗಂಟೂ ಬಿಚ್ಚಿಕೊಳ್ಳುತ್ತಿತ್ತು.

ಗಾಳದಕ್ಕ ಬಂದಳು ಎಂದು ದಂಡೆಯೆಲ್ಲ ಸುದ್ದಿಯಾಯಿತು. ಒಬ್ಬ ಮುದುಕ ಗಂಟನ್ನು ಹೆಂಡತಿಯ ಕೆನ್ನೆಗೆ ತಾನೇ ಹಿಡಿಯುತ್ತೇನೆಂದು ಹಟ ಹಿಡಿದ. ಹಿಡಿದವನು ಬಿಡು ಎಂದರೂ ಬಿಡಲಿಲ್ಲ. "ಬಿಡ್ರೀ, ಜನ ನೋಡ್ತಾರೆ" ಎಂದು ಅವಳು ಕಣ್ಣು ಮುಚ್ಚಿ ನಾಚಿದ್ದೇ ಪಟವಾಯಿತು. ಬಸ್ ಡ್ರೈವರನನ್ನು ಅವನ ಇಬ್ಬರು ಹೆಣ್ಣುಮಕ್ಕಳು ಕುತ್ತಿಗೆಯವರೆಗೆ ಮರಳಲ್ಲಿ ಹೂತಿದ್ದರು. ತಲೆಯೊಂದೇ ಕುಂಬಳಕಾಯಿಯಂತೆ ಹೊರಗಿತ್ತು.

"ಗಂಟು ಹಿಡೀಪ್ಪಾ."

"ಕೈ ಎಲ್ಲಿದೆ ಅಕ್ಕಾ? ಎರಡೂ ಡಿಪೋದಲ್ಲಿವೆ."

"ಬಾಯಿ ಇದೆಯಲ್ಲ, ಕಚ್ಕೋ."

ಹತ್ರದಕ್ಕ ಮರಳಿನ ಮೇಲೆ ಬೋರಲು ಮಲಗಿದಳು. ಡ್ರೈವರ ಗಂಟು ಕಚ್ಚಿಕೊಂಡ. ಮಕ್ಕಳಿಬ್ಬರೂ ಅಪ್ಪನ ಎರಡು ಕಿವಿ ಹಿಡಿದು ಸ್ಟೀರಿಂಗ್ ತಿರುಗಿಸತೊಡಗಿದರು. ನಗು ತಡೆಯಲಾರದೆ ಅವನು ಬಾಯಿಬಿಟ್ಟ, ದಾರ ಬಿತ್ತು, ಪಟ ಬಿತ್ತು.

ಮಧ್ಯಾಹ್ನದ ಹೊತ್ತಿಗೆ ಮಗಳು ಬಂದಳು. ಅವ್ವನಿಗೆ ಟೋಪಿ ಕೊಡುವ ನೆಪ. ನೋಡಲು ಬಂದದ್ದು ಅವ್ವ ಬಿದ್ದಳೋ ಎದ್ದಳೋ ಎಂದು. ಹತ್ರದಕ್ಕ ಟೋಪಿಯನ್ನು ತಲೆಗಿಟ್ಟು, ದಾರದ ತುದಿಯನ್ನು ಅವಳ ಕೈಗಿಟ್ಟಳು.

"ಹಿಡ್ಕೋ."

"ನನಗೆ ಬೇಡಮ್ಮಾ. ನನ್ನ ಪಟ ಚೆನ್ನಾಗಿ ಬರಲ್ಲ."

"ಊರವರ ಪಟ ತೆಗೆಯೋಳು ಹೀಗಂದ್ರೆ ಹೇಗೇ? ಅಳತೆ ನೋಡೋಕೆ ಅಷ್ಟೇ. ಹಿಡಿ."

ಮಗಳು ಒಲ್ಲದ ಮನಸ್ಸಿನಿಂದ ಹಿಡಿದು, ತುಟಿ ಬಿಗಿದು ನಿಂತಳು. ಅಷ್ಟರಲ್ಲಿ ಐಸ್‌ಕ್ರೀಮಿನವನು ಗಂಟೆ ಬಾರಿಸುತ್ತ ಹಿಂದಿನಿಂದ ಬಂದು, "ಅವ್ವ ಮಗಳು ಹಗ್ಗಜಗ್ಗಾಟ ಆಡ್ತಿದೀರಾ? ಯಾರ ಕಡೆ ಪಂದ್ಯ ಕಟ್ಲಿ?" ಅಂದ. ಮಗಳ ಬಾಯಿ ತಾನಾಗಿ ತೆರೆದುಕೊಂಡಿತು. "ಬಿಡು" ಎನ್ನುವ ಮೊದಲೇ ನಕ್ಕು ದಾರ ಬಿಟ್ಟಿದ್ದಳು; ಕ್ಯಾಮೆರಾ ಆಗಲೇ ಕ್ಲಿಕ್ಕೆಂದಿತ್ತು.

ಆ ವಾರ ಬಚ್ಚಲಿನ ಕೆಂಪು ಬೆಳಕಿನಲ್ಲಿ ಗಂಡ ಹೆಂಡತಿ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತರು. ಮದ್ದಿನ ನೀರಿನ ತಳದಿಂದ ಇಸ್ತ್ರಿಯವಳು ಮೊದಲು ಹುಬ್ಬಾಗಿ, ಆಮೇಲೆ ಹಲ್ಲಾಗಿ, ಆಮೇಲೆ ಇಡಿಯ ನಗುವಾಗಿ ಎದ್ದು ಬಂದಳು. ಗಡಿಯಾರದವನು ಭೂತಗನ್ನಡಿ ಇಟ್ಟು ನೋಡಿ, "ಲೇ, ರೆಪ್ಪೆ ಮೇಲೆ ಉಪ್ಪಿನ ಕಾಳು ಕೂತಿದೆ ಕಣೆ" ಅಂದ.

"ನಿಜ ಹೇಳ್ತಿದೀರೋ, ಪೇಪರ್ ಕಥೆಯೋ?"

"ನೀನೇ ನೆಕ್ಕಿ ನೋಡು. ನಿನ್ನ ಮುತ್ತಜ್ಜ ಕೆಸರನ್ನೇ ನೆಕ್ಕಿದ."

ಪಂದ್ಯದ ಭಾನುವಾರ ಹಗ್ಗ ಕಟ್ಟಿದರು. ಪಟಗಳು ಗಾಳಿಗೆ ಪಟಪಟ ಬಡಿದುಕೊಂಡವು. ಮಗಳು ಒಂದು ಮಡಚುವ ಕುರ್ಚಿ ಹಾಕಿಕೊಂಡು ಪಂಚಾಯಿತಿಗೆ ಬಂದವಳಂತೆ ಎದುರೇ ಕೂತಳು. ಇಸ್ತ್ರಿಯವಳು ತನ್ನ ಪಟ ಬಿಚ್ಚಿಕೊಂಡು, ತಲೆಯ ಮೇಲೆತ್ತಿ ಹಿಡಿದು, ಛತ್ರಿಯಿಂದ ಛತ್ರಿಗೆ ಮೆರವಣಿಗೆ ಹೋದಳು. ಮುದುಕಿ ತನ್ನದನ್ನು ಗಂಡನ ಕೈಗೆ ಸಿಗದಂತೆ ಕುಪ್ಪಸದೊಳಗೆ ಸೇರಿಸಿದಳು. ಒಂದೊಂದಾಗಿ ಚಿಮಟಗಳು ಖಾಲಿಯಾದವು. ಇಳಿಹೊತ್ತಿಗೆ ಉಳಿದದ್ದು ಎರಡು: ಡ್ರೈವರನ ತಲೆ, ಮತ್ತು ಹಗ್ಗದ ಕೊನೆಯಲ್ಲಿ ಮಗಳ ಪಟ.

ಛತ್ರಿಗಳನ್ನು ಮಡಚತೊಡಗಿದರು. ಡ್ರೈವರನ ಸುಳಿವಿಲ್ಲ. ಹತ್ರದಕ್ಕ ರಸ್ತೆಯ ಕಡೆ ಕಣ್ಣು ನೆಟ್ಟು ನಿಂತಳು. ಕಾಣುವುದು ಅಷ್ಟಕ್ಕಷ್ಟೇ, ಆದರೂ ನಿಂತಳು. ಆಗ ದಂಡೆಯ ಮೇಲಿನ ರಸ್ತೆಯಲ್ಲಿ ಬಸ್ಸೊಂದು ಗಕ್ಕನೆ ನಿಂತಿತು. ಖಾಕಿ ಹಾಕಿದ ಡ್ರೈವರ ಬೂಟುಗಾಲಲ್ಲೇ ಮರಳಿಗೆ ಧುಮುಕಿ ಓಡಿಬಂದ. ಬಸ್ಸಿನ ಕಿಟಕಿಗಳಿಂದ ಜನ ಬಗ್ಗಿ ಕೂಗುತ್ತಿದ್ದರು.

"ಅಕ್ಕಾ, ಡ್ಯೂಟಿ ಬಿತ್ತು. ಎಲ್ಲಿ ನನ್ನ ತಲೆ? ಕೊಡಿ ಬೇಗ, ಪ್ರಯಾಣಿಕರು ನಂದೇ ತೆಗೀತಾರೆ!"

ಪಟವನ್ನು ನೋಡಿದ. ಕಿವಿ ಹಿಡಿದ ಮಕ್ಕಳನ್ನು ನೋಡಿದ. ಒಂದು ಗಳಿಗೆ ಬಸ್ಸನ್ನೂ ಮರೆತ. ಆಮೇಲೆ ಅಂಗಿಯ ಗುಂಡಿ ಬಿಚ್ಚಿ, ಎದೆಗೊತ್ತಿ ಇಟ್ಟುಕೊಂಡು, ಬಂದಂತೆಯೇ ಓಡಿದ.

ಉಳಿದದ್ದು ಒಂದೇ.

ಎಲ್ಲರ ಕಣ್ಣೂ ಮಗಳ ಕಡೆ ಹೊರಳಿತು. ಅವಳು ಬೆಳಗಿನಿಂದ ಆ ಕೊನೆಯ ಕಡೆ ತಪ್ಪಿಯೂ ಸುಳಿದಿರಲಿಲ್ಲ. ಅಲ್ಲೇ ಕೂತಿದ್ದರೆ ಸಾಕಿತ್ತು, ಪಂದ್ಯ ಅವಳದು. ಅವ್ವ ನಾಳೆಯಿಂದ ಬಿಳಿ ಗೋಡೆಯ ಪಕ್ಕದಲ್ಲಿ, ಅಲೆಯಿಲ್ಲದ ಜಾಗದಲ್ಲಿ, ಕಣ್ಣೆದುರಿಗೇ ಇರುತ್ತಿದ್ದಳು. ಐಸ್‌ಕ್ರೀಮಿನವನಿಗೆ ತಡೆಯಲಾಗಲಿಲ್ಲ. "ತಾಯಿ, ಅದು ನಿಮ್ದೇ. ತಗೊಳ್ಳಿ, ಇಲ್ಲಾಂದ್ರೆ ನಾನು ಗಾಡಿಗೆ ಅಂಟಿಸ್ಕೋತೀನಿ. ಇಂಥ ನಗು ನೋಡಿದ್ರೆ ವ್ಯಾಪಾರ ಆಗುತ್ತೆ" ಎಂದು ಕೈ ಚಾಚಿದ.

ಮಗಳು ಧಡಕ್ಕನೆದ್ದು ಬಂದು ಪಟವನ್ನು ಹಿಂದುಮುಂದಾಗಿ ತಿರುಗಿಸಿಬಿಟ್ಟಳು.

ಬೆನ್ನು ತಿರುಗಿಸಿದ ಪಟದ ಅರ್ಥ ದಂಡೆಯ ಕಾಗೆಗೂ ಗೊತ್ತು. ಇಸ್ತ್ರಿಯವಳು ಬಾಯಿಯ ಮೇಲೆ ಕೈಯಿಟ್ಟಳು. ನಿಯಮ ಹತ್ರದಕ್ಕನ ಅವ್ವನದು. ಮಗಳಿಗೆ ಬೇರೆ, ಊರವರಿಗೆ ಬೇರೆ ಎಂದಿಲ್ಲ. ಹತ್ರದಕ್ಕ ಕೊರಳಿನಿಂದ ಕ್ಯಾಮೆರಾದ ಪಟ್ಟಿ ತೆಗೆಯಲು ಕೈ ಎತ್ತಿದಳು.

"ಏನ್ ಮಾಡ್ತಿದೀಯಮ್ಮಾ?" ಅಂದಳು ಮಗಳು.

"ತಿರುಗಿಸಿದೆಯಲ್ಲ."

"ಅವನು ನೋಡ್ಬಾರ್ದು ಅಂತ ತಿರುಗಿಸಿದೆ! ಹಲ್ಲೆಲ್ಲ ಕಾಣ್ತಿದೆ. ಊರಿಗೆಲ್ಲ ತೋರ್ಸೋದಲ್ಲ ಇದು. ನಂದು."

ಚಿಮಟ ಬಿಚ್ಚಿ, ಪಟವನ್ನು ಎರಡೂ ಕೈಯಲ್ಲಿ ಹಿಡಿದು, ಜನರಿಗೆ ಬೆನ್ನು ಹಾಕಿ ನೋಡಿದಳು. ಬಾಯಿ ತುಂಬ ನಗುವ ಒಬ್ಬ ಹೆಣ್ಣುಮಗಳು. ಹತ್ತಿ ಕೂತ ಹಲ್ಲು ಹಾಗೇ ಇತ್ತು, ಮೂಗಿನ ಮೇಲಿನ ಬೆವರು ಹಾಗೇ ಇತ್ತು, ಯಾರೂ ಏನನ್ನೂ ಉಜ್ಜಿರಲಿಲ್ಲ. ದಿನವೂ ಮುಖಗಳನ್ನೇ ನೋಡುವವಳು ತನ್ನದನ್ನು ಬಹಳ ಹೊತ್ತು ನೋಡಿದಳು.

"ಇದನ್ನ ಉಜ್ಜಬೇಕು ಅಂತ ಅನ್ನಿಸ್ತಿಲ್ಲಮ್ಮಾ" ಅಂದಳು ಮೆಲ್ಲಗೆ.

"ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ" ಎಂದು ಐಸ್‌ಕ್ರೀಮಿನವನು ಗಂಟೆ ಬಾರಿಸಿದ. "ಇವತ್ತು ಎರಡೂ ಒಂದೇ ಕಡೆ ಸಿಕ್ತು. ಬನ್ನಿ, ಎಲ್ರಿಗೂ ನನ್ನ ಕಡೆಯಿಂದ ಒಂದೊಂದು ಕಡ್ಡಿ!" ಅವನ ಜೀವನದಲ್ಲಿ ಪುಕ್ಕಟೆ ಕೊಟ್ಟದ್ದು ಅದೇ ಮೊದಲು, ಹೆಚ್ಚೂಕಡಿಮೆ ಅದೇ ಕೊನೆ.

ಮಗಳು ಪಟವನ್ನು ಚೀಲಕ್ಕೆ ಸೇರಿಸಿ, ನೀರಂಚಿಗಿಳಿದು ಕಾಲಿನ ಮರಳು ತೊಳೆಯುತ್ತಿದ್ದ ಅವ್ವನ ಕಡೆ ತಿರುಗಿ ನಿಂತಳು. ಹಗ್ಗ ಸುತ್ತುತ್ತ ಕೇಳಿದಳು, "ಸೋತೆ, ಒಪ್ಕೊಂಡೆ. ಆದ್ರೆ ನಿಜ ಹೇಳು. ಅಲೆ ಬರೋದು ಕಾಣುತ್ತಾ ನಿನಗೆ?"

"ಕಾಣಲ್ಲ. ಕೇಳುತ್ತೆ."

"ಯಾವಾಗ್ಲೂ?"

"ಮಾತಾಡ್ತಾ ಇಲ್ದಿದ್ರೆ."

ಮಾತಾಡುತ್ತಲೇ ಇದ್ದರು. ಹಾಗಾಗಿ ಆ ಅಲೆ ಕೇಳಿಸಲಿಲ್ಲ. ಮೊಣಕಾಲಿನ ಹಿಂದೆ ಮೆತ್ತಗೆ ಗುದ್ದಿ, ಹತ್ರದಕ್ಕನನ್ನು ಒದ್ದೆ ಮರಳಿನ ಮೇಲೆ ಕುಕ್ಕರಿಸಿ ಹೋಯಿತು. ಕ್ಯಾಮೆರಾವನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದು, ಸೊಂಟದವರೆಗೆ ನೊರೆಯಲ್ಲಿ ಕೂತು, ಅವಳು ಗಹಗಹಿಸಿ ನಗುತ್ತಿದ್ದಳು. ಮಗಳು "ಅಮ್ಮಾ!" ಎಂದು ಹಗ್ಗ ಬಿಸಾಕಿ ಓಡಿ ಬಂದಳು. ಆ ಕಡೆಯಿಂದ ಗಡಿಯಾರದವನು, ಈ ಕಡೆಯಿಂದ ಇಸ್ತ್ರಿಯವಳು. ಎಲ್ಲರೂ ಕೈ ಚಾಚಿದರು. ಇಳಿಬಿಸಿಲು ಅವರ ಮುಖಗಳ ಮೇಲೆ ನೇರವಾಗಿ ಬಿದ್ದಿತ್ತು. ಒಬ್ಬರ ಮುಖದಲ್ಲಿ ಗಾಬರಿ, ಒಬ್ಬರಲ್ಲಿ ನಗು, ಒಬ್ಬರಲ್ಲಿ ಎರಡೂ.

"ಕೈ ಬೇಡ, ಯಾರೂ ಮುಟ್ಬೇಡಿ" ಅಂದಳು ಹತ್ರದಕ್ಕ, ಕ್ಯಾಮೆರಾವನ್ನು ಎದೆಗಿಳಿಸಿ, ತಲೆ ತಗ್ಗಿಸಿ ಗಾಜಿನೊಳಗೆ ನೋಡುತ್ತ. "ಕೂತೋಳಿಗೆ ಏಳೋಕೆ ಗೊತ್ತಿದೆ. ನೀನು ಅಲ್ಲೇ ನಿಂತು ದಾರದ ತುದಿ ಹಿಡಿ ಮಗಳೇ, ಬೆಳಕು ಹೋಗುತ್ತೆ."